ಇಂಟೆಲ್ ಬಿಟ್ಟ ಮೇಲೆ ನಮ್ಮನೆಗೆ ಬಂದ ಲ್ಯಾಪ್‌ಟಾಪ್

ಉದ್ದದ ಪೋಸ್ಟು ಇದು. ಹೆಬ್ಬಾಳ ಫ್ಲೈಓವರ್ ಹತ್ರ ಬಸ್ಸು ನಿಂತೇ ಬಿಟ್ಟಾಗ ಓದೋಕೆ ಸರಿಹೋಗುತ್ತೆ. ಮೂರು ವಾರದಿಂದ ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾ ಬಂದೆ. ಆದ್ರೆ ನಾಳೆ ಡಿಸೆಂಬರ್ 12. ಆ ತಾರೀಖಿಗೂ ಇದಕ್ಕೂ ಏನು ಅಂತ ಮುಂದೆ ಹೇಳ್ತೀನಿ.

ಹಿಂದೆ ನನಗೆ ಮೇಲಧಿಕಾರಿಯಾಗಿದ್ದ ಸಾಹೇಬ್ರು ಒಬ್ಬರಿದ್ದಾರೆ. ಈಗ ನಿವೃತ್ತರು, ಆರ್.ಟಿ. ನಗರದಲ್ಲಿ ಮನೆ. ನವೆಂಬರ್ ಮೊದಲ ವಾರ ಪಿಂಚಣಿ ಕಾಗದದ್ದೇನೋ ತೊಡಕು ಅಂತ ಮನೆಗೆ ಕರೆದಿದ್ರು. ಕೆಲಸ ಮುಗೀತು, ಕಾಫಿ ಬಂತು. ಅವರು ಕುಡಿಯೋ ಅಂಥದ್ದೇ ಲೋಟದಲ್ಲಿ ಬಂತು, ಅದನ್ನ ಬರೀಲೇಬೇಕು, ಯಾಕಂದ್ರೆ ಈ ಕಥೇಲಿ ಅವರು ಕೆಟ್ಟವರಲ್ಲ. ನಾನು ಹೊರಡೋಕೆ ಎದ್ದಾಗ ಒಳಗಿಂದ ಒಂದು ಬಟ್ಟೆ ಬ್ಯಾಗು ತಂದು ಕೈಗಿಟ್ರು.

"ನಿಮ್ಮ ಮಗಳು ಬಿಸಿಎ ಅಲ್ವೇನ್ರಿ? ನಮ್ಮ ಹುಡುಗ ಹೊಸದು ತಗೊಂಡ. ಇದು ಸುಮ್ನೆ ಬೀರುವಲ್ಲಿ ಬಿದ್ದಿದೆ. ತಗೊಂಡೋಗಿ, ಓದ್ಕೊಳ್ಳಲಿ ಮಗು."

ಆಪಲ್ ಲ್ಯಾಪ್‌ಟಾಪು. ಮ್ಯಾಕ್‌ಬುಕ್ ಏರ್. ನಾನು "ಅಯ್ಯೋ ಬೇಡ ಸರ್" ಅಂದೆ, ಎರಡನೇ ಸಲ ಅನ್ನಲಿಲ್ಲ. ಮಗಳು ಎರಡನೇ ವರ್ಷದ ಪ್ರಾಕ್ಟಿಕಲ್ಸ್‌ನ ಕಾಲೇಜು ಲ್ಯಾಬಲ್ಲಿ ಮಾಡಿ, ಮಿಕ್ಕಿದ್ದನ್ನ ಮೊಬೈಲಲ್ಲಿ ಕಣ್ಣು ಕಿರಿದು ಮಾಡ್ಕೊಂಡು ಟೈಪ್ ಮಾಡೋದನ್ನ ದಿನಾ ರಾತ್ರಿ ನೋಡ್ತಿದ್ದೀನಲ್ಲ. ಮೇಖ್ರಿ ಸರ್ಕಲ್‌ನಿಂದ ಯಲಹಂಕದ ತನಕ ಬಸ್ಸಲ್ಲಿ ಆ ಬ್ಯಾಗನ್ನ ಎದೆಗೆ ಒತ್ಕೊಂಡೇ ಬಂದೆ.

ಮನೆಗೆ ಬಂದ್ರೆ ಅವ್ವ ಬಾಗಿಲಲ್ಲೇ ಕೂತಿದ್ಲು. "ಏನಪ್ಪಾ ಅದು?" ಹೇಳಿದೆ. "ಯಾರ್ ಕೊಟ್ರು?" ಹೇಳಿದೆ. "ಅವರ ಮಗನ್ ಹಳೇದಾ?" ಅಂದ್ಲು. ನಾನು ಹೂಂ ಅಂದೆ. ಅವ್ವ ಮುಂದಕ್ಕೇನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದ್ಲು. ನಮ್ಮವ್ವ ಮಾತಾಡದೆ ಎದ್ದೋದ್ರೆ ಅದರ ಅರ್ಥ ನಂಗೆ ಗೊತ್ತು.

ಊರಲ್ಲಿದ್ದಾಗ ಅವ್ವ ಒಂದು ಮನೆಗೆ ಹಿತ್ತಲ ಕೆಲಸಕ್ಕೆ ಹೋಗ್ತಿದ್ಲು. ಯುಗಾದಿಗೊಂದು ದೀಪಾವಳಿಗೊಂದು ಹಳೇ ಬಟ್ಟೆ ಗಂಟು ಬರೋದು. ಕೊಡೋರು ಕೈಗೆ ಕೊಡ್ತಿರಲಿಲ್ಲ, ಹಿತ್ತಲ ಕಲ್ಲಿನ ಮೇಲೆ ಇಟ್ಟು ಸರಿದು ನಿಲ್ಲೋರು. ಏಳನೇ ಕ್ಲಾಸಲ್ಲಿ ನಾನು ಆ ಗಂಟಿಂದ ಬಂದ ನೀಲಿ ಚೌಕಳಿ ಅಂಗಿ ಹಾಕ್ಕೊಂಡು ಸ್ಕೂಲಿಗೆ ಹೋದೆ. ಆ ಮನೆ ಹುಡುಗ ನನ್ನ ಕ್ಲಾಸೇ. ಪ್ರಾರ್ಥನೆ ಮುಗಿದು ಸಾಲಲ್ಲಿ ಒಳಗೆ ಹೋಗ್ತಿದ್ದಾಗ ಹಿಂದಿಂದ ಕಾಲರ್ ಹಿಡಿದು ಎಳೆದು ಎಲ್ಲರಿಗೂ ಕೇಳೋ ಹಂಗೆ ಹೇಳ್ದ, "ಏಯ್, ಇದು ನನ್ ಅಂಗಿ ಕಣ್ರೋ." ಅವನು ಕೋಪ ಮಾಡ್ಕೊಂಡು ಹೇಳಿದ್ದಲ್ಲ. ಖುಷಿಯಿಂದ ಹೇಳ್ದ, ಕಳೆದುಹೋಗಿದ್ದ ವಸ್ತು ಸಿಕ್ಕಿದ ಹಂಗೆ. ಅವತ್ತು ಸಂಜೆ ಅಂಗಿನ ಅವ್ವನ ಮುಂದೆ ಎಸೆದು ಇನ್ಮೇಲೆ ಬೆತ್ತಲೆ ಬೇಕಾದ್ರೂ ಹೋಗ್ತೀನಿ ಅಂದಿದ್ದೆ. ಆಮೇಲೆ ಅವ್ವ ಗಂಟು ತರೋದು ಬಿಟ್ಲು. ಬಟ್ಟೆ ಬೇಡ ಅಂದಿದ್ದಕ್ಕೆ ಕೆಲಸಾನೂ ಹೋಯ್ತು, ಅದು ಬೇರೆ ಕಥೆ.

ಇರಲಿ. ರಾತ್ರಿ ಊಟ ಆದ್ಮೇಲೆ ಮಗಳು ಲ್ಯಾಪ್‌ಟಾಪ್ ಆನ್ ಮಾಡಿದ್ಲು. ಬೆಳಕು ಬಂದ ತಕ್ಷಣ ಪರದೆ ಮಧ್ಯದಲ್ಲಿ ಒಂದು ಹೆಸರು, ಸಾಹೇಬ್ರ ಮಗನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೇಳೋ ಡಬ್ಬ. ನಾನು ಅಲ್ಲಿಂದ ಎದ್ದು ನೀರು ಕುಡಿಯೋಕೆ ಹೋದೆ.

ಮಗಳಿಗೆ ನನ್ನ ಅಂಗಿ ಕಥೆ ಗೊತ್ತಿಲ್ಲ, ಅವಳ ಲೆಕ್ಕವೇ ಬೇರೆ. ತಿರುಗಿಸಿ, ಕೆಳಗಿನ ಸಣ್ಣ ಅಕ್ಷರ ಓದಿ, ಮೊಬೈಲಲ್ಲಿ ಏನೋ ನೋಡಿ, "ಅಪ್ಪ, ಇದು ಇಂಟೆಲ್" ಅಂದ್ಲು. ಹುಡುಗಿ ನೋಡೋಕೆ ಬಂದೋರು ಜಾತಕ ನೋಡಿ ಮುಖ ಸಣ್ಣಗೆ ಮಾಡ್ತಾರಲ್ಲ, ಹಂಗಿತ್ತು ಧ್ವನಿ.

ಇಂಟೆಲ್ ಅಂದ್ರೆ ಒಳ್ಳೇದಲ್ವಾ? ನಮ್ಮ ಆಫೀಸಿನ ಇಂಡೆಂಟಲ್ಲಿ ಹದಿನೈದು ವರ್ಷದಿಂದ ನಾನೇ ಟೈಪ್ ಮಾಡ್ತಾ ಬಂದಿದ್ದೀನಿ, 'ಇಂಟೆಲ್ ಕೋರ್ ಐ3 ಅಥವಾ ತತ್ಸಮಾನ' ಅಂತ. ಆ 'ತತ್ಸಮಾನ'ಕ್ಕೆ ಯಾವತ್ತೂ ಯಾರೂ ಬಂದಿದ್ದು ನಾನು ನೋಡಿಲ್ಲ. ಇಂಟೆಲ್ ಅಂದ್ರೆ ನನ್ನ ಪಾಲಿಗೆ ಕಂಪ್ಯೂಟರೇ.

ಮಗಳು ಹೇಳಿದ್ದು, ಆಮೇಲೆ ನಾನೇ ಕೂತು ಓದಿ ತಿಳ್ಕೊಂಡಿದ್ದು ಸೇರಿಸಿ ಹೇಳ್ತೀನಿ. ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರಿನ ಮಿದುಳನ್ನ, ಅಂದ್ರೆ ಪ್ರೊಸೆಸರನ್ನ, ಮೂರು ಸಲ ಬದಲಾಯಿಸಿದೆ. ಮೊದಲು ಮೋಟೊರೋಲಾದ್ದು. 1994ರಲ್ಲಿ ಪವರ್‌ಪಿಸಿ ಅನ್ನೋದು ಬಂತು. 2006ರಲ್ಲಿ ಅದನ್ನೂ ಬಿಟ್ಟು ಇಂಟೆಲ್. ಹದಿನಾಲ್ಕು ವರ್ಷ ಸಂಸಾರ ಆದ್ಮೇಲೆ 2020ರ ಜೂನ್ 22ಕ್ಕೆ, ಇನ್ಮೇಲೆ ನಮ್ಮ ಚಿಪ್ಪು ನಾವೇ ವಿನ್ಯಾಸ ಮಾಡ್ಕೋತೀವಿ, ಎರಡು ವರ್ಷದಲ್ಲಿ ಇಂಟೆಲ್ ಬಿಡ್ತೀವಿ ಅಂತ ಘೋಷಣೆ. ಅದೇ ವರ್ಷ ನವೆಂಬರ್ 10ಕ್ಕೆ ಎಂ1 ಅನ್ನೋ ಚಿಪ್ಪು ತೋರಿಸಿದ್ರು. ವಿನ್ಯಾಸ ಇವರದ್ದು, ತಯಾರಿ ತೈವಾನಿನ ಟಿಎಸ್‌ಎಂಸಿಯದ್ದು.

ಬಿಟ್ಟಿದ್ದು ಯಾಕೆ ಅಂದ್ರೆ ಇಂಟೆಲ್ ಚಿಪ್ಪು ಬಿಸಿ ಆಗೋದು, ಬ್ಯಾಟರಿ ತಿನ್ನೋದು. ಮುಂದಿನ ಪೀಳಿಗೆಯ ಸಣ್ಣ ಚಿಪ್ಪು ಕೊಡ್ತೀವಿ ಅಂತ ಇಂಟೆಲ್ ಹೇಳಿದ್ದು ವರ್ಷಗಟ್ಟಲೆ ತಡ ಆಗಿತ್ತು. ಆದ್ರೆ ನನಗೆ ಹಿಡಿಸಿದ್ದು ಆ ಕಾರಣ ಅಲ್ಲ, ಅದರ ಹಿಂದಿನ ತಯಾರಿ. 2008ರಲ್ಲೇ ಒಂದು ಚಿಪ್ಪು ಕಂಪನಿ ಕೊಂಡ್ಕೊಂಡು, 2010ರಲ್ಲಿ ಫೋನಿಗೆ ತನ್ನದೇ ಚಿಪ್ಪು ಹಾಕಿ, ಫೋನಲ್ಲಿ ಹತ್ತು ವರ್ಷ ಕೈ ಪಳಗಿಸ್ಕೊಂಡು, ಆಮೇಲೆ ಲ್ಯಾಪ್‌ಟಾಪಿಗೆ ತಂದ್ರು. ಯಜಮಾನನ ಮನೆ ಬಿಡೋ ಮುಂಚೆ ತನ್ನ ಒಲೆ ತಾನು ಹೂಡ್ಕೊಂಡಂಗೆ. ಹಂಗೆ ಬಿಡೋ ತಾಕತ್ತು ಇದ್ದೋನು ಬಿಡ್ತಾನೆ.

ಈಗ ನಮ್ಮನೆಗೆ ಬಂದಿರೋದು 2020ರ ಮಾರ್ಚಲ್ಲಿ ಬಿಡುಗಡೆಯಾದ ಇಂಟೆಲ್ ಏರ್. ಎಂಟೇ ತಿಂಗಳಿಗೆ ಅದರ ಜಾಗಕ್ಕೆ ಎಂ1 ಬಂತು. ಬೆಲೆ ಎರಡಕ್ಕೂ ಹೆಚ್ಚೂ ಕಮ್ಮಿ ಒಂದೇ, ಸುಮಾರು 93 ಸಾವಿರ. ನೋಡೋಕೂ ಒಂದೇ, ಅದೇ ತಗಡು, ಅದೇ ಬಣ್ಣ, ಅದೇ ಅರ್ಧ ಕಚ್ಚಿದ ಹಣ್ಣು. ಒಂದಕ್ಕೆ ಒಳಗೆ ಫ್ಯಾನ್ ಇದೆ, ಇನ್ನೊಂದಕ್ಕೆ ಫ್ಯಾನೇ ಬೇಡ, ಅಷ್ಟು ತಣ್ಣಗೆ. ಹೊರಗಿಂದ ನೋಡಿದೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ಒಳಗೆ ಏನಿದೆ ಅಂತ ಗೊತ್ತಾದ ಮೇಲೆ ಬೆಲೆ ಬೇರೆ. ಈ ದೇಶದಲ್ಲಿ ಹುಟ್ಟಿದೋರಿಗೆ ಇದನ್ನ ವಿವರಿಸಬೇಕಾಗಿಲ್ಲ ಬಿಡಿ.

ಬೆಲೆ ಎಷ್ಟು ಬೇರೆ ಅಂತ ತಿಳಿಯೋಕೆ ಎಸ್.ಪಿ. ರೋಡಿಗೆ ಹೋದೆ. ಸೆಕೆಂಡ್‌ಹ್ಯಾಂಡ್ ಅಂಗಡಿ ಹುಡುಗ ಎತ್ತಿ ನೋಡಲೂ ಇಲ್ಲ. "ಸರ್, ಎಂ ಒನ್ನಾ ಇಂಟೆಲ್ಲಾ? ಎಂ ಒನ್ ಆದ್ರೆ ಮಾತಾಡಣ. ಇಂಟೆಲ್ ಆದ್ರೆ ಹನ್ನೆರಡು, ಅದೂ ಚಾರ್ಜರ್ ಇದ್ರೆ." ಯಾಕಪ್ಪಾ ಇಷ್ಟು ಕಮ್ಮಿ ಅಂದೆ. "ಕಂಪನಿನೇ ಕೈ ಬಿಟ್ಟಿದೆ ಸರ್, ನಾವೇನ್ ಮಾಡಣ?"

ಅವನು ಹೇಳಿದ್ದು ನಿಜ. 2025ರ ಜೂನಲ್ಲಿ ಆಪಲ್ ಹೇಳ್ತು, ಸೆಪ್ಟೆಂಬರಲ್ಲಿ ಬರೋ ಟಾಹೋ ಅನ್ನೋ ಆವೃತ್ತಿನೇ ಇಂಟೆಲ್ ಇರೋ ಮ್ಯಾಕ್‌ಗಳಿಗೆ ಕೊನೇದು ಅಂತ. ಆ ಕೊನೇದೂ ಬೆರಳೆಣಿಕೆಯ ಇಂಟೆಲ್ ಮಾಡೆಲ್‌ಗಳಿಗೆ ಮಾತ್ರ. ನಮ್ಮನೆ ಏರ್ ಆ ಪಟ್ಟಿಯಲ್ಲಿಲ್ಲ, ಅದು ಹಿಂದಿನ ಆವೃತ್ತಿಗೇ ನಿಂತಿದೆ. ಅಂದ್ರೆ ಸಾಹೇಬ್ರ ಮಗ ಹೊಸದು ತಗೊಂಡಿದ್ದು ಸುಮ್ಮನೆ ಅಲ್ಲ, ಹಳೇದು ಬೀರು ಸೇರಿದ್ದೂ ಸುಮ್ಮನೆ ಅಲ್ಲ, ಅದು ನನ್ನ ಬ್ಯಾಗಿಗೆ ಬಂದಿದ್ದೂ ಸುಮ್ಮನೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ತಗೊಂಡ ತೀರ್ಮಾನ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಯಲಹಂಕದ ನಮ್ಮ ಗಲ್ಲಿಗೆ ಬಂದಿದೆ. ಮೇಲಿನೋರು ಒಂದು ಮೆಟ್ಟಿಲು ಹತ್ತಿದಾಗೆಲ್ಲ ಅವರು ನಿಂತಿದ್ದ ಮೆಟ್ಟಿಲು ನಮಗೆ ದಾನ.

ಪ್ರೊಸೆಸರ್ ಬದಲಾದ್ರೆ ಹಳೇ ಸಾಫ್ಟ್‌ವೇರ್ ಯಾಕೆ ಓಡಲ್ಲ ಅನ್ನೋದು ನನಗೆ ಮೊದಲು ಅರ್ಥ ಆಗಲಿಲ್ಲ. ಮಗಳು ಹೇಳಿದ್ದನ್ನ ನಮ್ಮ ಆಫೀಸಿಗೆ ತಂದ್ಕೊಂಡಾಗ ಅರ್ಥ ಆಯ್ತು. ನಾನು ಕಡತದಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೀತೀನಿ. ಮೇಲೆ ಕೂತಿರೋ ಅಧಿಕಾರಿ ಕನ್ನಡ ಬಲ್ಲೋರು ಇರೋವರೆಗೂ ತೊಂದರೆ ಇಲ್ಲ. ಅವರಿಗೆ ವರ್ಗ ಆಗಿ ಕನ್ನಡ ಓದೋಕೆ ಬರದ ಅಧಿಕಾರಿ ಬಂದ್ರೆ? ಕಡತ ಅದೇ, ವಿಷಯ ಅದೇ, ಆದ್ರೆ ಮುಂದಕ್ಕೆ ಹೋಗಲ್ಲ. ಪ್ರತಿ ಚಿಪ್ಪಿಗೂ ತನ್ನದೇ ಆಜ್ಞೆಗಳ ಭಾಷೆ ಇರುತ್ತೆ. ಇಂಟೆಲ್‌ದು 1978ರ 8086 ಚಿಪ್ಪಿಂದ ಬೆಳೆದು ಬಂದ ಎಕ್ಸ್‌86 ಅನ್ನೋ ಭಾಷೆ. ಆಪಲ್‌ನ ಹೊಸ ಚಿಪ್ಪು ಮಾತಾಡೋದು ಆರ್ಮ್ ಅನ್ನೋ ಭಾಷೆ, ಇಂಗ್ಲೆಂಡಿನ ಕೇಂಬ್ರಿಡ್ಜಲ್ಲಿ ಹುಟ್ಟಿದ್ದು, ನಮ್ಮೆಲ್ಲರ ಮೊಬೈಲಲ್ಲಿ ಇರೋದೂ ಅದೇ.

ಅದಕ್ಕೇ ಆಪಲ್ ಒಬ್ಬ ಅನುವಾದಕನನ್ನ ನೇಮಿಸ್ತು. ರೊಸೆಟ್ಟಾ 2 ಅಂತ ಒಂದು ತಂತ್ರಾಂಶ. ಇಂಟೆಲ್‌ಗೆ ಅಂತ ಬರೆದ ಪ್ರೋಗ್ರಾಮನ್ನ ಹೊಸ ಚಿಪ್ಪಿನ ಭಾಷೆಗೆ ತಿರುಗಿಸಿ ಕೊಡುತ್ತೆ, ಬಳಸೋನಿಗೆ ಗೊತ್ತೂ ಆಗಲ್ಲ. ಅಡೋಬಿಯಂಥ ದೊಡ್ಡ ಕಂಪನಿಗಳು ತಮ್ಮ ಸಾಫ್ಟ್‌ವೇರನ್ನ ಹೊಸ ಭಾಷೇಲಿ ಬರ್ಕೊಳ್ಳೋ ತನಕ ಯಾರ ಕೆಲಸವೂ ನಿಲ್ಲಬಾರದು ಅಂತ ಇಷ್ಟು ವ್ಯವಸ್ಥೆ.

ಇದನ್ನ ಓದ್ತಾ ನಂಗೆ ನಮ್ಮ ಕರಪತ್ರಗಳು ನೆನಪಾದ್ವು. 2003-04ರ ಸುಮಾರಿಗೆ ನಾವೆಲ್ಲ ಯಶವಂತಪುರದ ಒಂದು ಡಿಟಿಪಿ ಅಂಗಡೀಲಿ ರಾತ್ರಿ ಕೂತು ಟೈಪ್ ಮಾಡಿಸ್ತಿದ್ದ ಕರಪತ್ರ, ಮನವಿ, ಸತ್ಯಶೋಧನಾ ವರದಿ ಎಲ್ಲ ನುಡಿ, ಶ್ರೀಲಿಪಿ ಫಾಂಟಲ್ಲಿದ್ದವು. ಲೋಕ ಯೂನಿಕೋಡಿಗೆ ಹೋಯ್ತು. ಈಗ ಆ ಫೈಲ್ ತೆಗೆದ್ರೆ ಪರದೆ ತುಂಬಾ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಪರಿವರ್ತಕಗಳು ಬಂದ್ವು ನಿಜ, ಪುಣ್ಯಾತ್ಮರು ಯಾರ್ಯಾರೋ ಬಿಡುವಿನಲ್ಲಿ ಕೂತು ಮಾಡಿದ್ದು. ಅಷ್ಟರಲ್ಲಿ ನಮ್ಮ ಎಷ್ಟೋ ಸಿ.ಡಿ.ಗಳು ಬೂಸಲು ಹಿಡಿದಿದ್ವು. ದೊಡ್ಡೋರು ಮನೆ ಬದಲಾಯಿಸುವಾಗ ಅನುವಾದಕ ಮುಂಚೆ ಬಂದು ಕಾಯ್ತಿರ್ತಾನೆ, ನಮ್ಮ ಪಾಲಿಗೆ ಹತ್ತು ವರ್ಷ ತಡವಾಗಿ ಬರ್ತಾನೆ.

ಇನ್ನೊಂದು ತಮಾಷೆ ಕೇಳಿ. ಇಂಟೆಲ್ ಇರೋ ಹಳೇ ಮ್ಯಾಕಲ್ಲಿ ಬೂಟ್ ಕ್ಯಾಂಪ್ ಅನ್ನೋ ಸೌಲಭ್ಯ ಇತ್ತು, ವಿಂಡೋಸ್ ಹಾಕ್ಕೋಬಹುದಿತ್ತು. ಹೊಸ ಚಿಪ್ಪಲ್ಲಿ ಅದು ಇಲ್ಲ. ಇದನ್ನ ಕೇಳಿ ನಾನು ಹಿಗ್ಗಿದೆ. ನೋಡು ಮಗಳೇ, ಎಲ್ಲರೂ ಬಿಟ್ಟಿದ್ದೇ ನಮಗೆ ಉಪಯೋಗ, ವಿಂಡೋಸ್ ಹಾಕಿದ್ರೆ ನನ್ನ ನುಡಿನೂ ಓಡುತ್ತೆ ನಿನ್ನ ಲ್ಯಾಬ್ ಸಾಫ್ಟ್‌ವೇರೂ ಓಡುತ್ತೆ ಅಂದೆ. ಅವಳು ನನ್ನ ಮುಖ ನೋಡಿ, "ಅಪ್ಪ, ಬೂಟ್ ಕ್ಯಾಂಪಲ್ಲಿ ಹಾಕೋದು ವಿಂಡೋಸ್ 10. ಅದನ್ನ ಮೈಕ್ರೋಸಾಫ್ಟ್ ಅಕ್ಟೋಬರ್ 14ಕ್ಕೆ ನಿಲ್ಲಿಸ್ತು" ಅಂದ್ಲು. ಹೌದಲ್ಲ! ನಮ್ಮ ಆಫೀಸಲ್ಲೂ ಅದೇ ಕಾರಣಕ್ಕೆ 'ನಿರುಪಯುಕ್ತ ವಸ್ತುಗಳ ಪಟ್ಟಿ' ತಯಾರಾಗ್ತಿದೆ, ಟೈಪ್ ಮಾಡ್ತಿರೋನು ನಾನೇ. ಎಂಟನೇ ಪೀಳಿಗೆಗಿಂತ ಹಿಂದಿನ ಇಂಟೆಲ್ ಚಿಪ್ಪಿದ್ರೆ ವಿಂಡೋಸ್ 11 ಹಾಕೋಕೆ ಕಂಪನಿ ಒಪ್ಪಲ್ಲ. ನಡೀತಿರೋ ಯಂತ್ರಗಳನ್ನ 'ನಿರುಪಯುಕ್ತ' ಅಂತ ಟೈಪ್ ಮಾಡುವಾಗ ಕೈ ಒಂದು ಗಳಿಗೆ ನಿಲ್ಲುತ್ತೆ.

ಅದೇ ದಿನಗಳಲ್ಲಿ ಒಂದು ಭಾನುವಾರ ಮಗಳನ್ನ ಕರ್ಕೊಂಡು ಹೆಬ್ಬಾಳದ ಆಪಲ್ ಅಂಗಡಿಗೆ ಹೋದೆ. ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ ಸೆಪ್ಟೆಂಬರ್ 2ಕ್ಕೆ ಶುರುವಾಗಿದ್ದು, ಕರ್ನಾಟಕದಲ್ಲಿ ಮೊದಲನೇದು. ದಿನಾ ಬಸ್ಸಲ್ಲಿ ಆ ಮಾಲ್ ದಾಟ್ತೀನಿ, ಒಳಗೆ ಹೋಗಿರಲಿಲ್ಲ. ಕೊಳ್ಳೋಕಲ್ಲ, ನೋಡೋಕೆ. ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗಿದ್ದೆ. ಅಲ್ಲಿದ್ದ ಹುಡುಗ ಕನ್ನಡದಲ್ಲೇ "ನೋಡಿ ಸರ್, ಆರಾಮಾಗಿ ಮುಟ್ಟಿ ನೋಡಿ" ಅಂದ. ಮರದ ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟಿದ್ರು, ಎಲ್ಲ ಎಂ ಚಿಪ್ಪಿನವು, ಇಂಟೆಲ್ ಒಂದೂ ಇಲ್ಲ. ಆಗ ಏರ್ 99,900ರಿಂದ ಶುರುವಾಗ್ತಿತ್ತು. ಮಗಳು ಏನೋ ಕೋಡ್ ಟೈಪ್ ಮಾಡಿ ಓಡಿಸಿದ್ಲು. ಯಂತ್ರದ ಬೆನ್ನು ಮುಟ್ಟಿ "ಬಿಸಿನೇ ಆಗಲ್ಲ ಅಪ್ಪ" ಅಂದ್ಲು. ಹೊರಗೆ ಬಂದು ಇಬ್ಬರೂ ಬಸ್ ಸ್ಟಾಪಲ್ಲಿ ಕಡಲೇಕಾಯಿ ತಿಂದ್ವಿ. ಅವಳು ಬೇಕು ಅನ್ನಲಿಲ್ಲ. ಅನ್ನದೇ ಇದ್ದಿದ್ದೇ ನಂಗೆ ಜಾಸ್ತಿ ಚುಚ್ತು.

ಈಗ ಡಿಸೆಂಬರ್ 12ರ ವಿಷಯ. ಎಂ1 ತೋರಿಸಿದ್ದು 2020ರ ನವೆಂಬರ್ 10ಕ್ಕೆ ಅಂದ್ನಲ್ಲ, ಅದಾಗಿ ಒಂದು ತಿಂಗಳು ಎರಡು ದಿನಕ್ಕೆ ಕೋಲಾರದ ನರಸಾಪುರದಲ್ಲಿ ಗಾಜು ಒಡೀತು. ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆ, ಲ್ಯಾಪ್‌ಟಾಪ್ ಅಲ್ಲ, ಐಫೋನ್ ಜೋಡಿಸೋದು. ಹೆಚ್ಚಿನೋರು ಗುತ್ತಿಗೆ ಹುಡುಗ ಹುಡುಗೀರು. ಎಂಟು ಗಂಟೆ ಪಾಳಿ ಹನ್ನೆರಡು ಗಂಟೆಗೆ ಏರಿತ್ತು, ಸಂಬಳ ಹೇಳಿದಷ್ಟು ಬರ್ತಿರಲಿಲ್ಲ, ಓವರ್‌ಟೈಮ್ ಲೆಕ್ಕ ತಪ್ಪಿತ್ತು. ರಾತ್ರಿ ಪಾಳಿ ಮುಗಿಸಿದೋರು ಬೆಳಗ್ಗೆ ರೊಚ್ಚಿಗೆದ್ರು. ಮೊದಲು ನಷ್ಟ 437 ಕೋಟಿ ಅಂತ ದೂರು ಕೊಟ್ರು, ಆಮೇಲೆ ಕಂಪನಿನೇ ತನ್ನ ದೇಶದ ಷೇರು ಪೇಟೆಗೆ ಹೇಳುವಾಗ 26ರಿಂದ 52 ಕೋಟಿ ಆಸುಪಾಸಿಗೆ ಇಳೀತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಜನ ಬಂಧನ ಆಗಿತ್ತು. ಒಂದು ವಾರದ ಮೇಲೆ ವಿಸ್ಟ್ರಾನ್, ಕೆಲವು ಕಾರ್ಮಿಕರಿಗೆ ಸರಿಯಾಗಿ ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಅಂತ ಒಪ್ಕೊಂಡು ಕ್ಷಮೆ ಕೇಳ್ತು, ಭಾರತದ ವ್ಯವಹಾರ ನೋಡ್ತಿದ್ದ ಉಪಾಧ್ಯಕ್ಷರನ್ನ ತೆಗೀತು. ಸರಿಪಡಿಸೋ ತನಕ ಹೊಸ ಕೆಲಸ ಕೊಡಲ್ಲ ಅಂತ ಆಪಲ್ ಅದನ್ನ ಪ್ರೊಬೇಷನ್‌ಗೆ ಹಾಕ್ತು. 2023ರಲ್ಲಿ ಟಾಟಾದವರು ಆ ಕಾರ್ಖಾನೆ ಕೊಂಡ್ಕೊಂಡ್ರು.

ಆಗ ನಾವು ಕೆಲವರು ಬಂಧಿತರ ಮನೆಯವರಿಗೆ ವಕೀಲರನ್ನ ಹುಡುಕೋಕೆ ಅಂತ ಕೋಲಾರಕ್ಕೆ ಓಡಾಡಿದ್ದು ಇಲ್ಲಿರೋ ಕೆಲವು ಗೆಳೆಯರಿಗೆ ನೆನಪಿರಬಹುದು. ಆವಾಗ ನನಗೆ ಚಿಪ್ಪು ಗೊತ್ತಿರಲಿಲ್ಲ, ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ತಿದ್ದೀನಿ. ಚಿಪ್ಪು ಕೊಡೋನನ್ನ ಬದಲಾಯಿಸುವಾಗ ಎರಡು ವರ್ಷ ಮುಂಚೆ ನೋಟಿಸು, ಅನುವಾದಕ, ಹಳೆಯದಕ್ಕೂ ಇಷ್ಟು ವರ್ಷ ನೋಡ್ಕೋತೀವಿ ಅನ್ನೋ ಮಾತು. ಪಾಳಿ ಎಂಟರಿಂದ ಹನ್ನೆರಡಕ್ಕೆ ಬದಲಾದಾಗ ಆ ಹುಡುಗರಿಗೆ ಯಾವ ರೊಸೆಟ್ಟಾ ಇತ್ತು? ಅವರು ಹೇಳಿದ್ದು ಮೇಲಿನೋರಿಗೆ ಅರ್ಥ ಆಗಿದ್ದು ಗಾಜು ಒಡೆದ ಭಾಷೇಲಿ. ನಾನು ಗಾಜು ಒಡೆಯೋದನ್ನ ಸಮರ್ಥಿಸ್ತಿಲ್ಲ, ಕಾಮೆಂಟಲ್ಲಿ ಅದನ್ನೇ ಹಿಡ್ಕೊಂಡು ಕೂರಬೇಡಿ ದಯವಿಟ್ಟು.

ನಮ್ಮ ಅಕ್ಕನ ಮಗಳೂ ಒಂದು ಜೋಡಣೆ ಘಟಕದಲ್ಲಿ ಕೆಲಸಕ್ಕಿದ್ದಾಳೆ, ಯಾವುದು ಅಂತ ಬರೆಯಲ್ಲ. ಒಳಗಿರೋ ಚಿಪ್ಪು ಯಾವ ಕಂಪನೀದಮ್ಮಾ ಅಂತ ಕೇಳ್ದೆ. "ನಂಗೇನ್ ಗೊತ್ತು ಮಾಮ, ಅದು ಮುಚ್ಕೊಂಡೇ ಬರುತ್ತೆ. ನಂದು ಮೂರು ಸ್ಕ್ರೂ" ಅಂದ್ಲು.

ಈ ಮಧ್ಯೆ ನವೆಂಬರ್ 18ಕ್ಕೆ ಶುರುವಾದ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರ, ಕಿಯೋನಿಕ್ಸ್ ಸೇರಿ ಕಿಯೋ ಅನ್ನೋ ಅಗ್ಗದ ಕಂಪ್ಯೂಟರ್ ಬಿಡುಗಡೆ ಮಾಡಿದ್ವು. 18,999 ರೂಪಾಯಿ. ಅದರಲ್ಲಿ ಇಂಟೆಲ್ಲೂ ಇಲ್ಲ ಆರ್ಮೂ ಇಲ್ಲ, ರಿಸ್ಕ್-ಫೈವ್ ಅನ್ನೋ ಮೂರನೇ ಭಾಷೆಯ ಚಿಪ್ಪು. ಈ ಭಾಷೆ 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಯಾರ ಸ್ವತ್ತೂ ಅಲ್ಲ, ಯಾರು ಬೇಕಾದ್ರೂ ಶುಲ್ಕ ಕೊಡದೆ ಅದರಲ್ಲಿ ಚಿಪ್ಪು ವಿನ್ಯಾಸ ಮಾಡಬಹುದು. ಊರ ಬಾವಿ ಅಲ್ಲ, ಕೆರೆ. ನಂಗೆ ಬಹಳ ಇಷ್ಟ ಆಯ್ತು. ಮಗಳು ಮಾತ್ರ, "ಮಾನಿಟರ್ ಬೇರೆ ತಗೋಬೇಕು ಅಪ್ಪ, ಕಾಲೇಜಿಗೆ ಹೊತ್ಕೊಂಡ್ ಹೋಗಕ್ಕಾಗಲ್ಲ" ಅಂದ್ಲು.

ನಂಗೂ ಸ್ವಲ್ಪ ಅನುಮಾನ ಇದೆ, ಯಾಕಂದ್ರೆ ಹಿಂದೊಂದು ನೋಡಿದ್ದೀನಿ. ನಾನು ಬಿಎ ಮುಗಿಸಿದ 2001ರಲ್ಲಿ ನಮ್ಮ ಐಐಎಸ್‌ಸಿ ಪ್ರಾಧ್ಯಾಪಕರು ಸೇರಿ ಮಾಡಿದ ಸಿಂಪ್ಯೂಟರ್ ಬಂತು. ಬಡವರ ಕಂಪ್ಯೂಟರ್ ಅಂತ ಪೇಪರಲ್ಲೆಲ್ಲ ಹೊಗಳಿದ್ದೇ ಹೊಗಳಿದ್ದು. 2004ರಲ್ಲಿ ಜಾಲಹಳ್ಳಿಯ ಬಿಇಎಲ್‌ನಲ್ಲೇ ತಯಾರಾಗಿ ಮಾರಾಟಕ್ಕೂ ಬಂತು, ಹೆಚ್ಚು ಹೋಗಲಿಲ್ಲ. ಬಡವರ ಕೈಗಂತೂ ಬರಲಿಲ್ಲ. ಈಗ ಓದಿದಾಗ ಗೊತ್ತಾಗಿದ್ದು, ಅದರೊಳಗೆ ಇದ್ದಿದ್ದು ಸ್ಟ್ರಾಂಗ್‌ಆರ್ಮ್ ಅನ್ನೋ ಚಿಪ್ಪು, ಅಂದ್ರೆ ಇದೇ ಆರ್ಮ್ ಭಾಷೆ, ಮಾಡಿದ್ದು ಯಾರು ಅಂದ್ರೆ ಇಂಟೆಲ್! ಇವತ್ತು ಇಂಟೆಲ್‌ನ ಮನೆ ಬಿಡಿಸಿದ ಭಾಷೆ ಅವತ್ತು ಇಂಟೆಲ್ ಕೈಯಲ್ಲೇ ಇತ್ತು. 2006ರಲ್ಲಿ ಆ ವಿಭಾಗವನ್ನ ಮಾರ್ವೆಲ್ ಕಂಪನಿಗೆ ಮಾರ್ಕೊಂಡ್ರು. ಅದೇ ವರ್ಷ ಆಪಲ್ ಇಂಟೆಲ್ ಮನೆಗೆ ಬಂದಿದ್ದು. ಗೆದ್ದ ವರ್ಷದಲ್ಲೇ ಬೀಜ ಮಾರ್ಕೊಂಡೋರು.

ಮತ್ತೆ ನಮ್ಮ ಬಟ್ಟೆ ಬ್ಯಾಗಿಗೆ ಬರ್ತೀನಿ.

ಲ್ಯಾಪ್‌ಟಾಪಿಂದ ಆ ಹೆಸರು ತೆಗೀಬೇಕಿತ್ತು. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದ್ರೂ ಹಳೇ ಯಜಮಾನನ ಖಾತೆ ಹೆಸರೇ ಕೇಳುತ್ತೆ, ಕಳ್ಳತನ ತಡೆಯೋಕೆ ಅಂತ ಹಾಕಿರೋ ಬೀಗ. ಅವನು ತನ್ನ ಖಾತೆಯಿಂದ ಈ ಯಂತ್ರವನ್ನ ಬಿಡುಗಡೆ ಮಾಡೋ ತನಕ ಇದು ಅವನದ್ದೇ. ಮಗಳು ಇದನ್ನ ವಿವರಿಸ್ತಿದ್ರೆ ನನಗೆ ಕುತ್ತಿಗೆ ಹಿಂದೆ ಕಾಲರ್ ಎಳೆದ ಹಂಗಾಯ್ತು. ಅವತ್ತು ಮೊದಲ ಸಲ ಅವಳಿಗೆ ಅಂಗಿ ಕಥೆ ಹೇಳ್ದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು, "ವಾಪಸ್ ಕೊಟ್ಬಿಡಣ ಅಪ್ಪ" ಅಂದ್ಲು. ಕೊಟ್ಬಿಡೋದು ಸುಲಭ. ಕೊಟ್ರೆ ನಾಳೆಯಿಂದ ಮತ್ತೆ ಮೊಬೈಲಲ್ಲಿ ಟೈಪ್ ಮಾಡೋಳು ಯಾರು? ನನ್ನ ಮಾನಕ್ಕೆ ಅವಳ ಕಣ್ಣು ಬೆಲೆ ಕಟ್ಟಬೇಕಾ?

ಎರಡು ರಾತ್ರಿ ಯೋಚನೆ ಮಾಡ್ದೆ. ನಿನ್ನೆ ಸಂಜೆ ಆಫೀಸು ಮುಗಿಸಿ ನೇರ ಆರ್.ಟಿ. ನಗರಕ್ಕೆ ಹೋದೆ, ಜೇಬಲ್ಲಿ 6,000 ರೂಪಾಯಿ. ಎಸ್.ಪಿ. ರೋಡಲ್ಲಿ ಹನ್ನೆರಡು ಅಂದಿದಾರೆ ಸರ್, ಅರ್ಧ ಈಗ, ಅರ್ಧ ಜನವರಿ ಸಂಬಳಕ್ಕೆ ಅಂದೆ. ಸಾಹೇಬ್ರ ಮುಖ ಕೆಂಪಾಯ್ತು.

"ಏನ್ರೀ ಇದು? ದುಡ್ಡಿಗೋಸ್ಕರ ಕೊಟ್ನಾ ನಾನು? ಮಗು ಓದ್ಲಿ ಅಂತ ಕೊಟ್ಟಿದ್ದು. ನಿಮ್ಮ ಹೋರಾಟ ಎಲ್ಲ ನನ್ನ ಮುಂದೆ ತರಬೇಡಿ."

ಹೋರಾಟ ಅಲ್ಲ ಸರ್ ಅಂದೆ. ನಿಂತ್ಕೊಂಡೇ ಅಂಗಿ ಕಥೆ ಹೇಳ್ದೆ. ಇಪ್ಪತ್ತು ವರ್ಷ ಅವರ ಕೈಕೆಳಗೂ ಜೊತೆಗೂ ಕೆಲಸ ಮಾಡಿದ್ದೀನಿ, ಯಾವತ್ತೂ ಹೇಳಿರಲಿಲ್ಲ. ಅವರು ಮಾತಾಡಲಿಲ್ಲ. ಬಾಗಿಲ ಹತ್ರ ನಿಂತಿದ್ದ ಮೇಡಂ "ತಗೊಳ್ರೀ, ಅವರು ಕೊಡ್ತಿದಾರಲ್ಲ" ಅಂದ್ರು.

ರಸೀದಿ ನಾನೇ ಬರ್ಕೊಂಡು ಹೋಗಿದ್ದೆ, ಗುಮಾಸ್ತನ ಬುದ್ಧಿ. ಯಂತ್ರದ ಸೀರಿಯಲ್ ನಂಬರ್ ಸಮೇತ. ಐದು ಸಾವಿರ ದಾಟಿದ್ರೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಬೇಕಲ್ಲ, ಅದನ್ನೂ ಅಂಟಿಸಿದ್ದೆ. ಸಾಹೇಬ್ರು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ಒಂದು ಕಡೆ ಕಾಗುಣಿತ ತಿದ್ದಿ, ಸ್ಟಾಂಪಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ರು. ಆಮೇಲೆ ಅವರೇ ಮಗನಿಗೆ ಫೋನ್ ಮಾಡಿ, "ಆ ಲ್ಯಾಪ್‌ಟಾಪ್ ಮಾರಿದೀವಿ ಕಣೋ, ನಿನ್ನ ಹೆಸರು ತೆಗಿ" ಅಂದ್ರು. ಮಾರಿದೀವಿ ಅಂದ್ರು, ಕೊಟ್ಟಿದೀವಿ ಅನ್ನಲಿಲ್ಲ. ಬಸ್ಸಲ್ಲಿ ಬರ್ತಾ ಆ ಒಂದು ಪದ ನೆನೆಸ್ಕೊಂಡು ನಂಗೆ ಗಂಟಲು ಕಟ್ತು, ಪಕ್ಕದಲ್ಲಿ ಕೂತಿದ್ದೋರು ಏನಾಯ್ತು ಅಂತ ಕೇಳಿದ್ರು.

ರಾತ್ರಿ ಹತ್ತಕ್ಕೆ ಮಗಳು ಎಲ್ಲ ಅಳಿಸಿ ಮೊದಲಿಂದ ಹಾಕಿದ್ಲು. ಈಗಿರೋ ಆವೃತ್ತಿ ಡಿಗ್ರಿ ಮುಗಿಯೋ ತನಕ ನಡೆಯುತ್ತೆ, ಆಮೇಲೆ ಲಿನಕ್ಸ್ ಹಾಕ್ಕೋತೀನಿ ಅಂತಾಳೆ. ಪರದೆ ಮೇಲೆ ಅವಳ ಹೆಸರು ಬಂದಾಗ ಅವ್ವನ್ನ ಕೂಗಿದ್ಲು. ಅವ್ವ ಬಂದು ದೂರದಲ್ಲೇ ನಿಂತು ನನ್ನ ಕೇಳಿದ್ಲು, "ದುಡ್ ಕೊಟ್ಟೇನಪ್ಪಾ?"

"ಅರ್ಧ ಕೊಟ್ಟಿದೀನಿ ಅವ್ವ."

"ಇನ್ನರ್ಧ?"

"ಸಂಬಳಕ್ಕೆ."

ರಸೀದಿ ತೋರಿಸಿದೆ. ಅವ್ವನಿಗೆ ಓದೋಕೆ ಬರಲ್ಲ, ಸ್ಟಾಂಪ್ ನೋಡಿದ್ಲು. ಆಮೇಲೆ ಹತ್ರ ಬಂದು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದ್ಲು.

"ಏನೇ ಇದು, ಹೆಂಚಿನಂಗೆ ಕಾದೈತೆ."

"ಇಂಟೆಲ್ ಅಲ್ವಾ ಅಜ್ಜಿ" ಅಂದ್ಲು ಮಗಳು. ಒಳಗೆ ಫ್ಯಾನು ಗಿರ್ ಅಂತ ತಿರುಗೋಕೆ ಶುರುವಾಯ್ತು.